ಕೂಸಿನ ಮುಖ ಒರೆಸಿದ ಕೈ

ಆ ದಿನ ಬೆಳಿಗ್ಗೆ ನಾನು ಸತ್ತ ಕೂಸಿನ ಮುಖ ಒರೆಸಿದೆ. ಮಾಡಿದ್ದು ಅಷ್ಟೇ. ಅದರಿಂದ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯ ಮೇಲೆ ಕೊಲೆಯ ಕೇಸು ಬೀಳುವುದರಲ್ಲಿತ್ತು.

ಮಕ್ಕಳೇ, ನೀವಿಬ್ಬರೂ ಒಮ್ಮೆ ಕೇಳಿದ್ದಿರಿ, "ಅಜ್ಜಿ, ನೀ ಹಾಸ್ಪಿಟಲ್‌ದಾಗ ಎಕ್ಸಾಕ್ಟ್ಲಿ ಕ್ಯಾ ಕಾಮ್ ಮಾಡ್ತಿದ್ದಿ?" ಎಂದು. "ಚಾದರ ಮಡಚತಿದ್ದೆ" ಎಂದು ನಕ್ಕು ಅಡಿಗೆಮನೆಗೆ ಹೋಗಿಬಿಟ್ಟಿದ್ದೆ. ಬಾಯಿಬಿಟ್ಟು ಹೇಳುವುದು ನನಗೆ ಆಗುವುದಿಲ್ಲ. ಬರೆದರೆ ಯಾರೂ ಎದುರಿಗೆ ಕೂತಿರುವುದಿಲ್ಲ, ಅಷ್ಟು ಅನುಕೂಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಕನ್ನಡ ಇದು. ಓದಲು ತಡವರಿಸಿದರೆ ನಿಮ್ಮ ಅವ್ವ ಓದಿ ಹೇಳಲಿ. ಆಸ್ಪತ್ರೆಯಲ್ಲಿ ಎಲ್ಲರೂ ಮಾತಾಡುತ್ತಿದ್ದದ್ದು ಮರಾಠಿ, ಹಿಂದಿ. ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ನಾನಿದ್ದದ್ದು ಶವಾಗಾರಕ್ಕೆ ಅಂಟಿಕೊಂಡ ಸಿಟಿ ಸ್ಕ್ಯಾನ್ ಮಷೀನಿನ ಕೋಣೆಯಲ್ಲಿ. ಮೇಲಿನ ಮಾಳಿಗೆಗೆ ಹೊಸ ಮಷೀನು ಬಂದಾಗ ಹಳೆಯದನ್ನು ಸತ್ತವರಿಗೆ ಬಿಟ್ಟುಕೊಟ್ಟಿದ್ದರು. ದೇಹವನ್ನು ಕೊಯ್ಯುವ ಮೊದಲು ಒಳಗಿರುವುದನ್ನೆಲ್ಲ ಅದರಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳುತ್ತಿದ್ದರು. ಕೂಸುಗಳ ವಿಷಯದಲ್ಲಿ ಇದು ಬಹಳ ಮುಖ್ಯ. ಅವುಗಳ ಎಲುಬು ಮೆತ್ತಗೆ, ಒಳಗಿನದೆಲ್ಲ ಚಿಕ್ಕದು. ಒಮ್ಮೆ ಕೊಯ್ದರೆ ಮೊದಲು ಹೇಗಿತ್ತು ಎಂದು ಮತ್ತೆ ನೋಡಲಾಗದು.

ನನ್ನ ಕೆಲಸ ಇಷ್ಟು: ಕೂಸನ್ನು ತೂಕ ಮಾಡಿಸುವುದು, ಕರಿಮಣಿ, ಕಾಲ್ಗಡಗ, ಪಿನ್ನು ಇಂಥ ಲೋಹದ್ದೇನಾದರೂ ಇದ್ದರೆ ಡಾಕ್ಟರ ಎದುರಿಗೆ ಬಿಚ್ಚಿ ನಂಬರು ಹಾಕಿದ ಪಾಕೀಟಿನಲ್ಲಿಡುವುದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕಡೆ ಸ್ಪಂಜು ಇಟ್ಟು ಮಷೀನಿನ ಹಲಗೆಯ ಮೇಲೆ ಮಲಗಿಸುವುದು. ಲೋಹ ಉಳಿದರೆ ಚಿತ್ರದ ತುಂಬ ಬಿಳಿ ಗೆರೆಗಳು ಬರುತ್ತವೆ.

ನಮ್ಮಲ್ಲಿಗೆ ಎರಡು ಥರದ ಕೂಸುಗಳು ಬರುತ್ತಿದ್ದವು. ಒಂದು, ನಮ್ಮದೇ ಹೆರಿಗೆ ವಾರ್ಡಿನವು. ಹೊಟ್ಟೆಯಲ್ಲೇ ಹೋದವು, ಹುಟ್ಟಿ ಎರಡು ದಿನಕ್ಕೆ ಹೋದವು. ಅವುಗಳ ಮುಖ ಒರೆಸಲು ನನಗೆ ಅನುಮತಿ ಇತ್ತು, ಯಾಕೆಂದರೆ ಆಮೇಲೆ ತಾಯಿ ನೋಡುತ್ತಾಳೆ. ಸಿಟಿ ಡಾಕ್ಟರು ಒಬ್ಬ ಹೆಣ್ಣುಮಗಳು, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರೇ "ಮಾವಶಿ, ಚೊಕ್ಕ ಮಾಡಿ ಕೊಡಿ" ಎನ್ನುತ್ತಿದ್ದರು. ಆಯಾಗಳನ್ನು ಈ ಊರಲ್ಲಿ ಮಾವಶಿ ಎಂದೇ ಕರೆಯುವುದು, ನಿಮಗೆ ಗೊತ್ತು. ಇನ್ನೊಂದು ಥರದವು ಪೊಲೀಸರು ತರುವ ಕೂಸುಗಳು. ಅವುಗಳನ್ನು ಡಾಕ್ಟರು ಬಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುವವರೆಗೆ ಬೆರಳಿನಿಂದಲೂ ಮುಟ್ಟಬಾರದು. ಹೇಗೆ ಬಂತೋ ಹಾಗೇ ಮಷೀನಿಗೆ. ಗೋಡೆಯ ಮೇಲೆ ಮರಾಠಿಯಲ್ಲಿ ಬರೆದು ಅಂಟಿಸಿದ್ದರು. ಆ ಕಾಗದ ಹಳದಿಯಾಗುವಷ್ಟು ದಿನದಿಂದ ನಾನು ಅದನ್ನು ನೋಡಿದ್ದೆ.

ಆ ಬೆಳಿಗ್ಗೆ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಗಂಟನ್ನು ಎದೆಗವಚಿಕೊಂಡು ಬಂದು ನನಗಾಗಿ ಬಾಗಿಲಲ್ಲಿ ಕಾಯುತ್ತಿದ್ದಳು.

"ಮಾವಶಿ, ಬೇಗ ಸಹಿ ಹಾಕಿ ತಗೊಳ್ಳಿ. ಕುರ್ಲಾದ ಚಾಳಿನಿಂದ ನೇರ ಬಂದಿದ್ದೀನಿ, ಹೊಟ್ಟೆಗೆ ಚಹಾ ಸಹ ಬಿದ್ದಿಲ್ಲ."

ಪಂಚನಾಮೆಯ ಕಾಗದದೊಂದಿಗೆ ಹೋಲಿಸಿ ನೋಡಲು ಅವಳೇ ಮೇಜಿನ ಮೇಲೆ ಗಂಟು ಬಿಚ್ಚಿದಳು. "ಗಂಡು ಕೂಸು. ಹಳದಿ ದುಪಟ್ಟಾ ಒಂದು. ಹೊಕ್ಕುಳ ಬಳ್ಳಿಗೆ ಬಿಳಿ ದಾರ, ಎರಡು ಗಂಟು. ಸರಿ ಇದೆ." ಒಂದೊಂದಕ್ಕೂ ಪೆನ್ನಿನಿಂದ ಗುರುತು ಹಾಕಿದಳು.

"ಫೋಟೋ?" ಎಂದೆ.

"ಆಗಿವೆ, ಆಗಿವೆ" ಎನ್ನುತ್ತ ಕ್ಯಾಂಟೀನಿನ ಕಡೆ ಓಡಿದಳು.

ಅವಳು ಹೇಳಿದ್ದು ಚಾಳಿನಲ್ಲಿ ತನ್ನ ಮೊಬೈಲಿನಿಂದ ತೆಗೆದ ಫೋಟೋದ ಬಗ್ಗೆ. ನಾನು ಎಲ್ಲವೂ ಮುಗಿದಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಮನಸ್ಸು ಮೊದಲೇ ತಯಾರಾಗಿತ್ತೋ ಏನೋ.

ಕೂಸಿನ ಮೂಗಿನ ಸುತ್ತ, ಮೇಲ್ದುಟಿಯ ಮೇಲೆ ಬೆಳ್ಳಗೆ ಏನೋ ಒಣಗಿ ಹತ್ತಿತ್ತು. ಅದಕ್ಕೆ ದುಪಟ್ಟಾದ ನೂಲಿನ ಎಳೆಗಳು ಮೆತ್ತಿದ್ದವು. ನಮ್ಮ ಅವ್ವ ಊರಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ನೀರು ಎರೆಯುತ್ತಿದ್ದಳು. ಮುಖ ತೊಳೆಯದ ಕೂಸನ್ನು ಯಾರ ಕೈಗೂ ಕೊಡಬಾರದು ಎಂಬುದು ಅವಳ ಕಟ್ಟಳೆ. ಅವಳ ಸಂಗಡ ಬಿಸಿನೀರಿನ ತಂಬಿಗೆ ಹಿಡಿದು ಬೆಳೆದವಳು ನಾನು. ಗಾಯಕ್ಕೆ ಕಟ್ಟುವ ತೆಳು ಬಟ್ಟೆಯ ತುಂಡನ್ನು ಒದ್ದೆ ಮಾಡಿ ಒರೆಸಿದೆ. ಒಣಗಿದ್ದು ಬಿಡಲಿಲ್ಲ. ಎರಡನೆಯ ಸಲ, ಮೂರನೆಯ ಸಲ ಸ್ವಲ್ಪ ಒತ್ತಿ ತಿಕ್ಕಿದೆ. ನೀರು ತಾಗಿದ ಕೂಡಲೇ ಉಳ್ಳಾಗಡ್ಡಿಯ ಘಾಟು ಮೂಗಿಗೆ ಬಡಿಯಿತು. ಕಾಯಿಪಲ್ಯದ ಚೀಲದಲ್ಲಿ ಇಟ್ಟಿದ್ದರೇನೋ ಎಂದುಕೊಂಡು, ಬಟ್ಟೆಯ ತುಂಡನ್ನು ಹಳದಿ ಕಸದ ಚೀಲಕ್ಕೆ ಹಾಕಿದೆ.

ಮೇಡಂ ಬಂದವರು ಪ್ರತಿ ಸಲ ಕೇಳುವಂತೆ ಕೇಳಿದರು. "ಮಾವಶಿ, ಮುಟ್ಟಿಲ್ಲ ತಾನೆ?"

"ಇಲ್ಲ ಮೇಡಂ."

ಪ್ರತಿ ಸಲ ಹೇಳುವ ಮಾತು, ತಾನಾಗಿ ಬಂತು. ಬಂದ ಮೇಲೆ ವಾಪಸು ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಅವರು ಕ್ಯಾಮೆರಾ ತೆಗೆದು ತಮ್ಮ ಫೋಟೋಗಳನ್ನು ತೆಗೆಯತೊಡಗಿದಾಗ, ಡಾಕ್ಟರ ಫೋಟೋ ಇನ್ನೂ ಆಗಿರಲೇ ಇಲ್ಲ ಎಂದು ತಿಳಿಯಿತು. ಮೂಗಿನ ಹತ್ತಿರ ಬಂದಾಗ ಮೇಡಂ ಒಂದು ಗಳಿಗೆ ನಿಂತರು. "ಇಲ್ಲಿ ಸ್ವಲ್ಪ ಕೆಂಪಗಿದೆ" ಎಂದು ಬರೆದುಕೊಂಡರು. ಆಗಲೂ ಹೇಳದೆ ನಾನು ಸುತ್ತುವ ಬಟ್ಟೆ ಬಿಡಿಸಿದೆ.

ಕೂಸನ್ನು ಸುತ್ತಿ ಹಲಗೆಯ ಮೇಲೆ ಮಲಗಿಸಿದೆ. ನಮ್ಮ ಟೆಕ್ನಿಶಿಯನ್ ಗಾಜಿನ ಆಚೆಗಿನಿಂದ ಎಂದಿನ ಜೋಕು ಹಾರಿಸಿದ. "ಮಾವಶಿ, ಮೇಲಿನ ಮಾಳಿಗೆಯವರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು. ಉಸಿರು ಬಿಗಿಹಿಡೀರಿ ಅಂತ ನಮ್ಮ ಪೇಶಂಟಿಗೆ ಹೇಳೋದೇ ಬೇಡ."

"ಬಾಯಿ ಮುಚ್ಚಿ ಕೆಲಸ ನೋಡು" ಎಂದರು ಮೇಡಂ.

ಪರದೆಯ ಮೇಲೆ ಕೂಸು ಮೂಡಿತು. ಸಣ್ಣ ಮೀನಿನ ಮುಳ್ಳಿನಂಥ ಪಕ್ಕೆಲುಬು. ಮಂಡಿಯ ಹತ್ತಿರ ಜೋಳದ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ಮೇಡಂ ಅದನ್ನು ತೋರಿಸಿ, "ಇದು ಒಂಬತ್ತು ತಿಂಗಳು ತುಂಬುವಾಗಲೇ ಬರೋದು. ದಿನ ತುಂಬಿದ ಕೂಸು" ಎಂದರು. ತಲೆಬುರುಡೆ ನೋಡಿದರು, ಕುತ್ತಿಗೆ ನೋಡಿದರು. ಎಲ್ಲೂ ಮುರಿದಿರಲಿಲ್ಲ. ಆಮೇಲೆ ಎದೆಗೂಡಿಗೆ ಬಂದು ತಡೆದರು.

ಆ ಚಿತ್ರದಲ್ಲಿ ಗಾಳಿ ಇರುವ ಜಾಗ ಕಪ್ಪಗೆ ಕಾಣುತ್ತದೆ. ಹೊಟ್ಟೆಯಲ್ಲೇ ಸತ್ತ ಕೂಸಿನ ಪುಪ್ಪುಸ ಪೂರಾ ಬೂದಿ ಬಣ್ಣ. ಇದರಲ್ಲಿ ಅಲ್ಲಲ್ಲಿ ಕಪ್ಪು ತೇಪೆಗಳಿದ್ದವು. ಜಠರದಲ್ಲಿ ದುಂಡಗೆ ಒಂದು ಕಪ್ಪು ಗುಳ್ಳೆ. ಅಲ್ಲಿಂದ ಮುಂದೆ ಕರುಳಿನಲ್ಲಿ ಏನೂ ಇಲ್ಲ. ದೇಹ ಕೊಳೆಯಲು ಸುರುವಾದರೂ ಒಳಗೆ ಗಾಳಿ ಹುಟ್ಟುತ್ತದೆ, ಆದರೆ ಅದು ಹೃದಯದಲ್ಲಿ, ಪಿತ್ತಜನಕಾಂಗದಲ್ಲಿಯೂ ಕಾಣಬೇಕು. ಅಲ್ಲಿ ಇರಲಿಲ್ಲ.

"ಗಾಳಿ ಒಳಗೆ ಹೋಗಿದೆ. ಕೆಲವು ನಿಮಿಷ ಉಸಿರಾಡಿದೆ ಅನಿಸುತ್ತೆ" ಎಂದರು ಮೇಡಂ, ತಮಗೆ ತಾವೇ ಹೇಳಿಕೊಳ್ಳುವಂತೆ.

ಚಹಾ ಕುಡಿದು ಬಂದ ಕಾನ್‌ಸ್ಟೆಬಲ್ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. "ನಾನು ಹೇಳಲಿಲ್ಲವಾ! ಸತ್ತೇ ಹುಟ್ಟಿತು ಅಂತಾಳೆ ಆ ಹುಡುಗಿ. ಸತ್ತ ಕೂಸಿನ ಹೊಕ್ಕುಳಿಗೆ ಯಾರಾದರೂ ದಾರ ಕಟ್ಟತಾರಾ?"

ಹುಡುಗಿಯ ಕಥೆಯನ್ನು ಅವಳೇ ಹೇಳಿದಳು. ವಿಜಯಪುರದ ಕಡೆಯವಳಂತೆ, ಮದುವೆಯಾಗಿಲ್ಲ. ಕುರ್ಲಾದಲ್ಲಿ ಅಂಗಿಗೆ ಗುಂಡಿ ಹಚ್ಚುವ ಕೆಲಸ. ಒಂದೇ ಖೋಲಿಯಲ್ಲಿ ನಾಲ್ಕು ಹುಡುಗಿಯರು, ಉಳಿದ ಮೂವರು ಕೆಲಸಕ್ಕೆ ಹೋದಾಗ ಹೆರಿಗೆಯಾಗಿದೆ. ಕೂಸನ್ನು ದುಪಟ್ಟಾದಲ್ಲಿ ಸುತ್ತಿ ನೀರಿನ ಪೀಪಾಯಿಯ ಹಿಂದೆ ಇಟ್ಟಿದ್ದಳು. ರಕ್ತ ನಿಲ್ಲದೆ ಬಿದ್ದಾಗ ಸಂಗಡದವರು ಆಸ್ಪತ್ರೆಗೆ ತಂದರು. ಈಗ ನಮ್ಮದೇ ಹೆರಿಗೆ ವಾರ್ಡಿನಲ್ಲಿ ಪಹರೆಯ ಕೆಳಗಿದ್ದಾಳೆ. ಹೆರಿಗೆಗೆ ಪಕ್ಕದ ಖೋಲಿಯ ಮುದುಕಿ, ಎಲ್ಲರೂ ನಾನಿ ಎಂದು ಕರೆಯುವವಳು, ಬಂದಿದ್ದಳು ಎನ್ನುತ್ತಾಳೆ. ನಾನಿಯನ್ನು ಕೇಳಿದರೆ, ನಾನು ಆ ಹೊಸ್ತಿಲನ್ನೇ ದಾಟಿಲ್ಲ ಎನ್ನುತ್ತಾಳೆ.

ಶವಪರೀಕ್ಷೆ ಮಾಡಬೇಕಾದ ದೊಡ್ಡ ಡಾಕ್ಟರು ಅಂದು ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದರು. ಕೂಸನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟೆವು.

ಮರುದಿನ ಬೆಳಿಗ್ಗೆ ಬಟ್ಟೆ ಬಿಚ್ಚಿದವಳು ನಾನೇ. ಬಿಚ್ಚಿ ಹಾಗೇ ನಿಂತೆ.

ಮೂಗಿನ ಎರಡೂ ಬದಿ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಕಲೆ ಎದ್ದಿತ್ತು. ಒಣಗಿದ ಚರ್ಮದ ತುಂಡಿನ ಹಾಗೆ.

ದೊಡ್ಡ ಡಾಕ್ಟರು ಬಗ್ಗಿ ನೋಡಿದರು. ಕೇಸಿನ ಪೊಲೀಸ್ ಫೌಜದಾರರೂ ಬಂದಿದ್ದರು, ಅವರೂ ಬಗ್ಗಿದರು. "ಕೈಯಿಂದ ಬಾಯಿ ಮೂಗು ಮುಚ್ಚಿದ ಗುರುತು. ಹೌದಲ್ಲ ಡಾಕ್ಟರ್ ಸಾಹೇಬ್?"

"ಕಾಣೋದು ಹಾಗೇ" ಎಂದರು ದೊಡ್ಡ ಡಾಕ್ಟರು. ಮೇಡಂ ಕಡೆ ತಿರುಗಿದರು. "ನಿನ್ನೆಯ ಫೋಟೋದಲ್ಲಿ?"

"ಸ್ವಲ್ಪ ಕೆಂಪಗಿತ್ತು ಸರ್."

"ಒಣಗಿದ ಮೇಲೆ ಎದ್ದು ಕಾಣುತ್ತೆ. ಗಾಳಿ ಒಳಗೆ ಹೋಗಿದೆ ಅಂತೀರಿ, ಮೂಗಿನ ಮೇಲೆ ಗುರುತಿದೆ." ಅವರು ಮಾತು ಅಲ್ಲಿಗೇ ನಿಲ್ಲಿಸಿದರು. ಫೌಜದಾರರು ಮುಂದುವರಿಸಿದರು, "ಹಾಗಾದರೆ ಖೂನಿನ ಕಲಂ ಹಾಕೋದೇ."

ನನ್ನ ಕೈಯಲ್ಲಿ ಕತ್ತರಿ, ಚಿಮಟಿಗೆಗಳ ತಟ್ಟೆ ಇತ್ತು. ನಾನೂ ಕೂಸಿನ ಮುಖದ ಕಡೆ ಬಗ್ಗಿದೆ. ಆ ಕಲೆ ನಾನು ಬಟ್ಟೆ ತಿರುಗಿಸಿದ ದಿಕ್ಕಿನಲ್ಲೇ ಇತ್ತು. ಬಲಕ್ಕೆ ಅಗಲ, ಎಡಕ್ಕೆ ಸಣ್ಣ. ವಾರ್ಡಿನ ಕೂಸುಗಳ ಕೆನ್ನೆಗೆ ಹಚ್ಚಿದ ಅಂಟುಪಟ್ಟಿ ಕಿತ್ತಾಗ ಮರುದಿನ ಇಂಥದೇ ಕಂದು ಕಲೆ ಏಳುವುದನ್ನು ಎಷ್ಟೋ ಸಲ ನೋಡಿದ್ದೆ. ಸತ್ತ ಕೂಸಿನ ಚರ್ಮ ಹಾಲಿನ ಕೆನೆ ಇದ್ದಂತೆ. ಜೀವ ಇದ್ದರೆ ತಿಕ್ಕಿದ ಜಾಗ ಮಾಯುತ್ತದೆ, ಇಲ್ಲದಿದ್ದರೆ ಒಣಗಿ ಕಪ್ಪಾಗುತ್ತದೆ.

ತಟ್ಟೆಯನ್ನು ಇಟ್ಟು ಚಾದರಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ನಿಂತಾಗ ಇನ್ನೊಂದು ತಿಳಿಯಿತು. ಅದು ಮೊದಲಿನದಕ್ಕಿಂತ ಹೆಚ್ಚು ಬಡಿಯಿತು.

ಉಳ್ಳಾಗಡ್ಡಿ.

ನಮ್ಮ ಕಡೆ ಹುಟ್ಟಿದ ಕೂಸು ಅಳದಿದ್ದರೆ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಕಿವಿಯ ಹತ್ತಿರ ತಾಟು ಬಾರಿಸುತ್ತಾರೆ. ಬಾಯಿಗೆ ಬಾಯಿಯಿಟ್ಟು ಊದುತ್ತಾರೆ. ನಮ್ಮ ಅವ್ವ ಹಾಗೆ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಈ ಕೂಸನ್ನೂ ಅಳಿಸಲು ಯಾರೋ ಹೆಣಗಿದ್ದರು. ಆ ಹೆಣಗಾಟದ ಗುರುತು ಅದರ ಮುಖದ ಮೇಲಿತ್ತು. ಅದನ್ನು ಒರೆಸಿ, ಆ ಜಾಗದಲ್ಲೇ ಕೊಲೆಯ ಗುರುತು ಮೂಡಿಸಿದವಳು ನಾನು.

ಟೆಕ್ನಿಶಿಯನ್ ಚಾದರ ಕೇಳಲು ಬಂದ. "ಯಾಕೆ ಮಾವಶಿ, ಪೇಶಂಟ್ ಎದ್ದು ಕೂತನಾ?" ಎಂದವನು ನನ್ನ ಮುಖ ನೋಡಿ ಬಾಗಿಲು ಮುಂದೆ ಮಾಡಿದ. ಅವನಿಗೆ ಎಲ್ಲ ಹೇಳಿದೆ.

ಅವನು ತಲೆ ಕೆರೆದುಕೊಂಡ. "ಆ ಬಟ್ಟೆ ತುಂಡು?"

"ಹಳದಿ ಚೀಲದಾಗ ಹಾಕಿದೆ."

"ಕಸದ ಗಾಡಿ ನಿನ್ನೆಯೇ ಬಂದು ಹೋಯ್ತು. ಇನ್ನು ನಿಮ್ಮ ಮಾತಿಗೆ ಸಾಕ್ಷಿಯೇ ಇಲ್ಲ. ಹೇಳಿದರೆ ನಿಮ್ಮ ನೌಕರಿ ಹೋಗುತ್ತೆ, ಮೇಡಂಗೂ ಮೆಮೊ ಬರುತ್ತೆ. ಹೇಳಿ ಏನು ಸಿಗುತ್ತೆ ಮಾವಶಿ? ಆ ಹುಡುಗಿ ನಿಮಗೆ ಏನಾಗಬೇಕು?"

ಅವನು ಕೆಟ್ಟವನಲ್ಲ. ನಿಮ್ಮ ಅಜ್ಜ ತೀರಿಕೊಂಡಾಗ ಮೂರು ದಿನ ನನ್ನ ಡ್ಯೂಟಿಯನ್ನೂ ತಾನೇ ಮಾಡಿದವನು. ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಆ ಹುಡುಗಿ ನನಗೆ ಏನೂ ಆಗಬೇಕಿರಲಿಲ್ಲ. ಆದರೆ ಗೋಡೆಯ ಆಚೆ ನಲ್ಲಿಯ ನೀರು ಬಿಟ್ಟ ಸದ್ದು ಕೇಳಿತು. ದೊಡ್ಡ ಡಾಕ್ಟರು ಕೈ ತೊಳೆಯುತ್ತಿದ್ದರು. ಇನ್ನು ಕೈಗವಸು ಹಾಕುತ್ತಾರೆ, ಕೊಯ್ಯುತ್ತಾರೆ, ಕೂಸನ್ನು ತೊಳೆಯುತ್ತಾರೆ. ಆಮೇಲೆ ನಾನು ಹೇಳಿದರೂ ನೋಡಲು ಏನೂ ಉಳಿದಿರುವುದಿಲ್ಲ.

ಹೋದೆ. ಆ ಕೋಣೆಯಲ್ಲಿ ಅಷ್ಟು ವರ್ಷ "ಹೌದು ಸರ್", "ಇಲ್ಲ ಸರ್" ಬಿಟ್ಟು ನಾನು ಏನೂ ಮಾತಾಡಿರಲಿಲ್ಲ. ಬಾಯಿ ತೆರೆದರೆ ಹಿಂದಿ ಬರಲಿಲ್ಲ, ಮರಾಠಿಯೂ ಬರಲಿಲ್ಲ.

"ಸಾಹೇಬ್ರ, ಅದು ಆಕಿದಲ್ರಿ. ನನ್ನ ಕೈಯೇ ರೀ ಅದು."

ಎಲ್ಲರೂ ನನ್ನ ಕಡೆ ನೋಡಿದರು. ಒಬ್ಬರಿಗೂ ತಿಳಿಯಲಿಲ್ಲ. ಮತ್ತೆ ಹಿಂದಿಯಲ್ಲಿ, ತಪ್ಪುತಪ್ಪಾಗಿ, ಒಂದೊಂದೇ ಮಾತು ಹುಡುಕಿ, ಒರೆಸಿದ್ದನ್ನೂ ಉಳ್ಳಾಗಡ್ಡಿಯ ಘಾಟನ್ನೂ ನಮ್ಮ ಕಡೆ ಅದನ್ನು ಯಾಕೆ ಹಿಡಿಯುತ್ತಾರೆ ಎಂಬುದನ್ನೂ ಹೇಳಿದೆ.

ಮೇಡಂ ನನ್ನ ಹತ್ತಿರ ಬಂದರು. "ನಿನ್ನೆ ಕೇಳಿದಾಗ ಇಲ್ಲ ಅಂದಿರಿ."

"ಸುಳ್ಳು ಹೇಳಿದೆ ಮೇಡಂ."

ಫೌಜದಾರರು ನಕ್ಕರು. "ಹುಡುಗಿ ಕನ್ನಡದವಳು, ಮಾವಶಿ ಕನ್ನಡದವಳು. ಚೆನ್ನಾಗಿ ಕಲಿಸಿದ್ದಾರೆ. ಯಾರು ಬಂದಿದ್ದರು ನಿಮ್ಮ ಮನೆಗೆ, ಹೇಳಿ ನೋಡೋಣ?"

ನನ್ನ ಕಣ್ಣಲ್ಲಿ ನೀರು ಬಂತು. ದೊಡ್ಡ ಡಾಕ್ಟರು ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ಟವೆಲ್ ಸುರುಳಿ ಸುತ್ತಿ ನನ್ನ ಮುಂದಿಟ್ಟರು. "ಇದು ಕೂಸು ಅಂದುಕೊಳ್ಳಿ. ಹೇಗೆ ಹಿಡಿದಿರಿ, ಹೇಗೆ ಒರೆಸಿದಿರಿ, ತೋರಿಸಿ. ಬಟ್ಟೆ ಎಷ್ಟು ಒದ್ದೆಯಾಗಿತ್ತು? ಎಷ್ಟು ಸಲ?" ತೋರಿಸಿದೆ. ಅವರು ನನ್ನ ಬೆರಳನ್ನೂ ಕೂಸಿನ ಮುಖವನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಕಾನ್‌ಸ್ಟೆಬಲ್ ಕಡೆ ತಿರುಗಿ, "ಚಾಳಿನಲ್ಲಿ ಫೋಟೋ ತೆಗೆದಿದ್ದೀರಾ?" ಎಂದರು.

ಅವಳು ಮೊಬೈಲ್ ಕೊಟ್ಟಳು. ದೊಡ್ಡ ಡಾಕ್ಟರು ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದರು. ಪೀಪಾಯಿಯ ಪಕ್ಕ ಕೂಸು. ಮೂಗಿನ ಸುತ್ತ ಬಿಳಿ ಪೊರೆ, ಅದಕ್ಕೆ ಹತ್ತಿದ ಹಳದಿ ನೂಲು. ಕೆಂಪು ಇಲ್ಲ, ಕಂದು ಇಲ್ಲ. ಮೊಬೈಲು ಕೈಯಿಂದ ಕೈಗೆ ಹೋಗಿ ಫೌಜದಾರರ ಕೈಯಲ್ಲಿ ನಿಂತಿತು. ಅವರು ಮತ್ತೆ ನಗಲಿಲ್ಲ.

ಕೊಯ್ಯುವ ಮೊದಲು ದೊಡ್ಡ ಡಾಕ್ಟರು ತೆಳ್ಳಗಿನ ಹತ್ತಿಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಬಿಟ್ಟು ನಿಧಾನ ತಿರುಗಿಸಿದರು. ಎಡಗಡೆಯಿಂದ ಏನೂ ಬರಲಿಲ್ಲ. ಬಲಗಡೆಯಿಂದ ಉಗುರಿನ ಚೂರಿನಷ್ಟು, ಆಚೆಯದು ಕಾಣುವಷ್ಟು ತೆಳುವಾದ ಒಂದು ಪೊರೆ ಬಂತು. ಅದನ್ನು ಸಣ್ಣ ಶೀಸೆಗೆ ಹಾಕುವ ಮೊದಲು ದೊಡ್ಡ ಡಾಕ್ಟರು ಮೇಡಂ ಅವರ ಮೂಗಿನ ಹತ್ತಿರ ಹಿಡಿದರು. ಮೇಡಂ ಉಳ್ಳಾಗಡ್ಡಿಯೇ ಹೌದು ಎಂದು ತಲೆಯಾಡಿಸಿದರು. ಕಂದು ಕಲೆಯಿಂದ ಒಂದು ಚೂರು ಚರ್ಮವನ್ನೂ ತೆಗೆದರು. ಜೀವ ಇರುವಾಗ ಆದ ಗಾಯವಾದರೆ ಸೂಕ್ಷ್ಮದರ್ಶಕದಲ್ಲಿ ತಿಳಿಯುತ್ತದಂತೆ.

ಮೇಡಂ ಹೋಗಿ ನಿನ್ನೆಯ ಚಿತ್ರಗಳನ್ನು ಮತ್ತೆ ಪರದೆಗೆ ತಂದರು. ನಾನು ಹಿಂದೆ ನಿಂತಿದ್ದೆ, ಹೋಗಿ ಎಂದು ಯಾರೂ ಹೇಳಲಿಲ್ಲ. "ತಾನಾಗಿ ಉಸಿರಾಡಿದ ಪುಪ್ಪುಸ ಎಲ್ಲ ಕಡೆ ಒಂದೇ ಸಮ ಅರಳುತ್ತೆ" ಎಂದರು. "ಇದು ತೇಪೆತೇಪೆ. ಜಠರದ ಗಾಳಿ ಇಷ್ಟು ದೊಡ್ಡದು. ಬಾಯಿಯಿಂದ ಊದಿದರೂ ಹೀಗೇ ಕಾಣಬಹುದು. ನಾನು ನಿನ್ನೆ ಬಾಗಿಲು ತೆರೆದಿಟ್ಟುಕೊಂಡು 'ಉಸಿರಾಡಿದೆ' ಅಂದುಬಿಟ್ಟೆ." ನನ್ನ ಕಡೆ ತಿರುಗದೆ ಹೇಳಿದರು. "ತಪ್ಪಿದ್ದು ನೀವು ಒಬ್ಬರೇ ಅಲ್ಲ ಮಾವಶಿ."

ನಡೆದದ್ದನ್ನು ಬರೆದುಕೊಡಲು ಹೇಳಿದರು. ನನಗೆ ಕನ್ನಡ ಮಾತ್ರ ಬರೆಯಲು ಬರುತ್ತದೆ ಎಂದೆ. "ಕನ್ನಡದಲ್ಲೇ ಬರೀರಿ, ಭಾಷಾಂತರ ಮಾಡಿಸೋಣ" ಎಂದರು ದೊಡ್ಡ ಡಾಕ್ಟರು. ಶಾಲೆ ಬಿಟ್ಟ ಮೇಲೆ ಒಂದು ಪೂರ್ತಿ ಪುಟ ಬರೆದದ್ದು ಅದೇ ಮೊದಲು. "ಮುಟ್ಟಿಲ್ಲ ಎಂದು ಸುಳ್ಳು ಹೇಳಿದೆನು" ಎಂಬ ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಕಾನ್‌ಸ್ಟೆಬಲ್ ಆ ಸಂಜೆಯೇ ಕುರ್ಲಾಕ್ಕೆ ಹೋದಳು. ಮರುದಿನ ಬಂದು ಹೇಳಿದ್ದು ಇದು. ಈ ಸಲ ಅವಳು ನಾನಿಯನ್ನು "ಹೋಗಿದ್ದಿಯಾ" ಎಂದು ಕೇಳಲಿಲ್ಲವಂತೆ. ಹೊಸ್ತಿಲ ಮೇಲೆ ಕೂತು, ನೀರು ಇಸಿದುಕೊಂಡು ಕುಡಿದು, "ನಾನಿ, ಆ ದಿನ ಉಳ್ಳಾಗಡ್ಡಿ ಎಷ್ಟು ಜಜ್ಜಿದಿರಿ?" ಎಂದಳಂತೆ.

"ಅರ್ಧಾ" ಎಂದುಬಿಟ್ಟಳು ಮುದುಕಿ. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಸುರುಮಾಡಿದಳು. ಹಿಂದೆ ಒಮ್ಮೆ ಚಾಳಿನಲ್ಲಿ ಹೆರಿಗೆ ಮಾಡಿಸಿದ್ದಕ್ಕೆ ಜೇಲಿಗೆ ಹಾಕುತ್ತೇವೆ ಎಂದು ಯಾರೋ ಹೆದರಿಸಿದ್ದರಂತೆ. ತಾಟು ಬಾರಿಸಿದೆ, ಉಳ್ಳಾಗಡ್ಡಿ ಹಿಡಿದೆ, ಬಾಯಿಗೆ ಊದಿದೆ ಎಂದಳು. ಹೊಕ್ಕುಳಿಗೆ ದಾರ ಯಾಕೆ ಕಟ್ಟಿದೆ ಎಂದರೆ, "ಕಟ್ಟದೆ ಬಿಟ್ಟರೆ ಅದು ಕೂಸು ಹೇಗಾಗುತ್ತೆ?" ಎಂದು ಕಾನ್‌ಸ್ಟೆಬಲ್‌ಗೇ ಕೇಳಿದಳಂತೆ.

ನನಗೆ ಮೆಮೊ ಬಂತು. ಸಿಟಿ ಕೋಣೆಯಿಂದ ತೆಗೆದು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ನೌಕರಿ ಹೋಗಲಿಲ್ಲ. ಪ್ರಯೋಗಾಲಯದಿಂದ ಉತ್ತರ ಬರಲು ಮೂರು ವಾರ ಹಿಡಿಯಿತು. ಮುಖದ ಕಲೆ ಸತ್ತ ಮೇಲೆ ಆದದ್ದು. ಮೂಗಿನಿಂದ ತೆಗೆದದ್ದು ಉಳ್ಳಾಗಡ್ಡಿಯ ಪೊರೆ. ಉಸಿರು ಕಟ್ಟಿಸಿದ ಗುರುತು ಎಲ್ಲೂ ಇಲ್ಲ. ಕೂಸು ಜೀವಂತ ಹುಟ್ಟಿತ್ತೋ ಇಲ್ಲವೋ, ಹೇಳಲಾಗದು. ದೊಡ್ಡ ಡಾಕ್ಟರ ವರದಿ ಅಲ್ಲಿಗೆ ಮುಗಿದಿತ್ತು. ಕೊಲೆಯ ಕಲಂ ಕೈಬಿಟ್ಟರು. ಹುಟ್ಟನ್ನು ಮುಚ್ಚಿಟ್ಟದ್ದಕ್ಕೆ ಬೇರೊಂದು ಕಲಂ ಉಳಿಯಿತು, ಅದಕ್ಕೆ ಜಾಮೀನು ಸಿಗುತ್ತದೆ ಎಂದರು.

ಹುಡುಗಿ ಜ್ವರ ಇಳಿಯದೆ ಇನ್ನೂ ವಾರ್ಡಿನಲ್ಲೇ ಇದ್ದಳು. ಮಷೀನಿನ ಡಾಕ್ಟರನ್ನು ನೋಡಬೇಕು ಎಂದು ದಿನವೂ ನರ್ಸನ್ನು ಕೇಳುತ್ತಿದ್ದಳಂತೆ. ಮೇಡಂ ನನ್ನನ್ನು ಒಗೆಯುವ ಕೋಣೆಯಿಂದ ಕರೆಸಿಕೊಂಡರು. "ಅವಳ ಹಿಂದಿ ನನಗೆ ಅರ್ಥವಾಗೋದಿಲ್ಲ. ನೀವು ಬನ್ನಿ. ನಾನು ಹೇಳಿದ್ದನ್ನಷ್ಟೇ ಅವಳಿಗೆ, ಅವಳು ಹೇಳಿದ್ದನ್ನಷ್ಟೇ ನನಗೆ ಹೇಳಬೇಕು."

ಗೋಡೆಯ ಬದಿಯ ಹಾಸಿಗೆ. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳುಗಳು ಹೊದಿಕೆಯ ಅಂಚು ಹಿಡಿದಿದ್ದವು. ಕನ್ನಡದಲ್ಲಿ ಮಾತಾಡಿಸಿದಾಗ ತಟ್ಟನೆ ಎದ್ದು ಕೂತಳು. ಬೇರೆ ಮಾತಿಗೆ ಮೊದಲು ನಾನು ನನ್ನದನ್ನು ಹೇಳಿಬಿಟ್ಟೆ. "ಮಾರಿ ಮ್ಯಾಲಿಂದು ಒರಿಸಿದಾಕಿ ನಾನವ್ವ. ಅದರಿಂದನ ನಿನಗ ಇಷ್ಟೆಲ್ಲಾ ಆತು."

ಅವಳು ನನ್ನನ್ನು ನೋಡಿದಳು. "ಒರಿಸಿದ್ರೇನ್ರಿ?" ಎಂದಳು. "ಚೊಲೋ ಆತು ಬಿಡ್ರಿ. ನಾ ಒರಿಸಲಿಲ್ಲ. ಹಂಗ ಸುತ್ತಿ ಇಟ್ಟುಬಿಟ್ಟೆ."

ಮೇಡಂ, "ಏನು ಕೇಳಬೇಕಂತೆ?" ಎಂದರು. ಹುಡುಗಿ ಕೇಳಿದ್ದು ಒಂದೇ.

"ಅದು ಉಸರಾಡಿತ್ತೇನ್ರಿ?"

"ಹೇಳೋಕೆ ಆಗೋದಿಲ್ಲ" ಎಂದರು ಮೇಡಂ. "ಚಿತ್ರ ನೋಡಿದರೂ, ಕೊಯ್ದು ನೋಡಿದರೂ ತಿಳಿಯಲಿಲ್ಲ."

"ಅಷ್ಟ ದೊಡ್ಡ ಮಷೀನಂತ. ಎಲುಬು ಕಾಣತಾವಂತ, ಹೊಟ್ಯಾಗಿನ ಗಾಳಿ ಕಾಣತದಂತ. ಇಷ್ಟ ಕಾಣಂಗಿಲ್ಲೇನ್ರಿ?" ಬಾಗಿಲಲ್ಲಿ ಕೂತ ಪಹರೆಯವಳ ಕಡೆ ನೋಡಿ ದನಿ ತಗ್ಗಿಸಿದಳು. "ನಾ ಒಂದು ದನಿ ಕೇಳೇನ್ರಿ. ಸಣ್ಣದು, ಬೆಕ್ಕಿನ ಮರಿದಂಗ. ಪೊಲೀಸರಿಗೆ ಹೇಳಿಲ್ಲ."

"ಏನಂದಳು?" ಎಂದರು ಮೇಡಂ.

ಅಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಯಾರಿಗೂ ತಿಳಿಯುತ್ತಿರಲಿಲ್ಲ. ತಲೆನೋವಂತೆ ಎಂದಿದ್ದರೂ ನಡೆಯುತ್ತಿತ್ತು. ಮುಗಿದ ಕೇಸು ಮತ್ತೆ ಎದ್ದರೆ ಎಂದು ಹೆದರಿಕೆಯಾಯಿತು. ಆದರೆ ಅವಳಿಗೆ ಉತ್ತರ ಬೇಕಿತ್ತು. ಅವಳು ಕೇಳಿದ್ದನ್ನು ಬಿಟ್ಟು ಬೇರೆ ಹೇಳಿದರೆ ಉತ್ತರ ಎಲ್ಲಿಂದ ಬರಬೇಕು? ಇದ್ದದ್ದನ್ನು ಇದ್ದಂತೆ ಮೇಡಂಗೆ ಹೇಳಿದೆ.

ಮೇಡಂ ಬಾಗಿಲಿನ ಕಡೆ ನೋಡಲಿಲ್ಲ, ಪೆನ್ನು ತೆಗೆಯಲಿಲ್ಲ. "ನಾನಿ ಊದುವ ಮೊದಲೋ, ಊದಿದ ಮೇಲೋ ಕೇಳಿ."

"ಮ್ಯಾಲ್ರಿ" ಎಂದಳು ಹುಡುಗಿ. "ನಾನಿ ಎರಡು ಸಲ ಬಾಯಾಗ ಊದಿದಳು. ಮೂರನೇ ಸಲ ಊದಿ ಬಿಟ್ಟಕೂಡಲೇ ಬಂತು. ಒಂದ ಸಲ. ಮತ್ತ ಬರಲಿಲ್ಲ."

ಮೇಡಂ ಹಾಸಿಗೆಯ ಅಂಚಿಗೆ ಕೂತರು. "ಒಳಗೆ ಊದಿದ ಗಾಳಿ ಹೊರಗೆ ಬರುವಾಗಲೂ ಅಂಥ ದನಿ ಬರುತ್ತೆ. ಕೂಸಿನದೇ ದನಿ ಆಗಿರಬಹುದು. ಅಲ್ಲದೆಯೂ ಇರಬಹುದು. ಹೀಗೇ ಹೇಳಿ, ಮಾವಶಿ."

ಹಾಗೇ ಹೇಳಿದೆ. ನನ್ನ ಬಾಯಿಯಿಂದ ಬರುತ್ತಿರುವುದು ಏನು ಎಂದು ಹೇಳುವಾಗಲೇ ನನಗೆ ಅರ್ಥವಾಯಿತು.

ಹುಡುಗಿ ಮೇಡಂರನ್ನು ನೋಡಲಿಲ್ಲ. ನನ್ನನ್ನೇ ಕೇಳಿದಳು.

"ಹಂಗಾರ ನಾ ಕೇಳಿದ್ದು ನಾನಿ ಉಸರೇನ್ರಿ?"

ಅದನ್ನು ಮೇಡಂಗೆ ತಿಳಿಸಲಿಲ್ಲ. ಅವರು ಉತ್ತರ ಕೊಟ್ಟಾಗಿತ್ತು. "ಗೊತ್ತಿಲ್ಲವ್ವ" ಎಂದೆ.

ಅವಳು ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಇನ್ನೊಂದು ಮಾತು ಬರಬಹುದು ಎಂದು. ಬರಲಿಲ್ಲ.